ಅಕ್ಕಿಯೂ ಹಕ್ಕಿಯೂ

ಹಳಗನ್ನಡದ ‘ಪಾಲ್’ ಹೊಸಗನ್ನಡಕ್ಕೆ ಬರುವಷ್ಟರಲ್ಲಿ ಹಾಲಾದಾಗ, ಪಂಡಿತರಾರೂ ಅದನ್ನು ಒಡೆದ ಹಾಲೆಂದು ಚೆಲ್ಲಲಿಲ್ಲ. ‘ಪಕ್ಕಿ’ಯು ಪಕಾರವನ್ನು ಕೊಡವಿಕೊಂಡು ಹಕ್ಕಿಯಾದಾಗಲೂ ಅದನ್ನು ಭಾಷೆಯ ವಿಕಾಸವೆಂದೇ ಕರೆದು ಗೌರವಿಸಿದರು. ಆದರೆ ನಮ್ಮ ಮಂಡ್ಯದ ಸೀಮೆಯ ಜನರು ಆ ವಿಕಾಸವನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೊಯ್ದು, ಉಳಿದಿದ್ದ ಹಕಾರವನ್ನೂ ಕಳಚಿಟ್ಟು ‘ಆಲು’, ‘ಅಕ್ಕಿ’ ಎಂದಾಗ ಮಾತ್ರ ಅದು ಅಶುದ್ಧವೆನಿಸಿಕೊಂಡಿತು. ಈ ಅನ್ಯಾಯವನ್ನು ಕುರಿತು ನಾನು ಚಿಂತಿಸತೊಡಗಿದ್ದು 2020ರಲ್ಲಿ. ಮಹಾಮಾರಿಯ ದೆಸೆಯಿಂದ ಶಾಲೆಗಳಿಗೆಲ್ಲ ಬೀಗ ಬಿದ್ದು, ಎರಡನೆಯ ತರಗತಿಯ ನನ್ನ ಮೊಮ್ಮಗನು ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಿಂದ ಶ್ರೀರಂಗಪಟ್ಟಣದ ಗಂಜಾಮಿನಲ್ಲಿರುವ ನಮ್ಮ ಮನೆಗೆ, ಒಂದು ಕೈಯಲ್ಲಿ ಪುಸ್ತಕದ ಚೀಲವನ್ನೂ ಇನ್ನೊಂದರಲ್ಲಿ ಅವರಪ್ಪನ ಹಳೆಯ ಮೊಬೈಲನ್ನೂ ಹಿಡಿದು ಬಂದಿಳಿದಾಗ.

ಅಕ್ಕಿಹೆಬ್ಬಾಳೆಂದರೆ ಸಾಮಾನ್ಯವಾದ ಊರಲ್ಲ. ‘ಹಗಲುಗನಸುಗಳು’ ಬರೆದು ಕನ್ನಡದ ಲಲಿತಪ್ರಬಂಧಕ್ಕೆ ಘನತೆಯನ್ನು ತಂದ ಎ. ಎನ್. ಮೂರ್ತಿರಾಯರು 1900ರಲ್ಲಿ ಜನಿಸಿದ್ದು ಅಲ್ಲಿಯೇ. ಅಂಥ ಊರಿನ ನೀರು ಕುಡಿದ ಹುಡುಗನು ಓದಿನಲ್ಲಿ ಹಿಂದೆ ಬೀಳುವುದುಂಟೆ? ವಿದ್ಯಾಗಮವೆಂಬ ಯೋಜನೆಯಂತೆ ಮೇಷ್ಟರುಗಳು ಮಕ್ಕಳಿದ್ದೆಡೆಗೇ ಬಂದು ಅರಳಿಕಟ್ಟೆಯಲ್ಲಿಯೋ ಗುಡಿಯ ಜಗಲಿಯಲ್ಲಿಯೋ ಪಾಠ ಹೇಳುತ್ತಿದ್ದುದು ಅಕ್ಟೋಬರಿನಲ್ಲಿ ತಾತ್ಕಾಲಿಕವಾಗಿ ನಿಂತುಹೋಗಲು, ಗುರುಪೀಠವು ಮೊಬೈಲಿನ ವಶವಾಯಿತು.

ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ, ಇರುವೆಗಳು ಕೆದರಿದ ರಂಗೋಲಿಯಂತೆ ಕಾಣುವ ಕಪ್ಪು ಚೌಕಕ್ಕೆ ಮೊಬೈಲನ್ನು ಹಿಡಿದರೆ, ಕೇಂದ್ರ ಸರ್ಕಾರದವರು 2017ರಲ್ಲಿ ಆರಂಭಿಸಿದ ‘ದೀಕ್ಷಾ’ ಎಂಬ ಆ್ಯಪಿನಲ್ಲಿ ಪಾಠವು ತೆರೆದುಕೊಳ್ಳುವುದೆಂದು ಮೊಮ್ಮಗನೇ ನನಗೆ ಉಪದೇಶಿಸಿದನು. ದೀಕ್ಷೆಯೆಂದೊಡನೆ ನನಗೆ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯೂ ಅಲ್ಲಿ ನೆಲಸಿದ್ದ ರಾಮಾನುಜಾಚಾರ್ಯರೂ ಸ್ಮರಣೆಗೆ ಬಂದರು. ಗೋಷ್ಠೀಪೂರ್ಣರೆಂಬ ಗುರುಗಳು ಮಂತ್ರೋಪದೇಶಕ್ಕಾಗಿ ಆಚಾರ್ಯರನ್ನು ಹದಿನೆಂಟು ಸಲ ಅಲೆಸಿದರೆಂದೂ, ಉಪದೇಶವಾದೊಡನೆ ಆಚಾರ್ಯರು ಗೋಪುರವನ್ನೇರಿ ಆ ರಹಸ್ಯವನ್ನು ಸರ್ವರಿಗೂ ಸಾರಿಬಿಟ್ಟರೆಂದೂ ಐತಿಹ್ಯವಿದೆ. ಕಾಸು ಕೇಳದೆ ಕಲಿಸುವ ದೀಕ್ಷಾ ರಾಮಾನುಜರ ಸಂಪ್ರದಾಯದ್ದು. ಅದರ ಪಕ್ಕದಲ್ಲಿ ನನ್ನ ಅಳಿಯನು ಹಾಕಿಕೊಟ್ಟಿದ್ದ, ಉಚ್ಚಾರಣೆಯನ್ನು ತಿದ್ದುವ ಇನ್ನೊಂದು ಆ್ಯಪು ಶುದ್ಧ ಗೋಷ್ಠೀಪೂರ್ಣರ ಸಂಪ್ರದಾಯದ್ದು. ಅದು ಒಟಿಪಿ ಕೇಳುತ್ತಿತ್ತು. ಒಟಿಪಿಯು ಅಳಿಯನ ಮೊಬೈಲಿಗೆ ಹೋಗುತ್ತಿತ್ತು. ಅಳಿಯನು ಹೇಮಾವತಿಯ ದಡದ ಗದ್ದೆಯಲ್ಲಿ ನೀರು ಕಟ್ಟುತ್ತಿದ್ದನು. ಅವನು ಕೈ ಒರೆಸಿಕೊಂಡು ಅಂಕಿಗಳನ್ನು ಕೂಗಿ ಹೇಳುವಷ್ಟರಲ್ಲಿ ಅವುಗಳ ಆಯುಷ್ಯ ತೀರಿರುತ್ತಿತ್ತು. ಹದಿನೆಂಟನೆಯ ಸಲಕ್ಕೋ ಹತ್ತೊಂಬತ್ತನೆಯ ಸಲಕ್ಕೋ ನಮಗೆ ಅನುಗ್ರಹವಾಯಿತು.

ಆ್ಯಪು ಒಂದು ಹಕ್ಕಿಯ ಚಿತ್ರವನ್ನು ತೋರಿ ಇದೇನೆಂದು ಕೇಳಿತು. ಮೊಮ್ಮಗನು ಕ್ಷಣವೂ ತಡೆಯದೆ “ಅಕ್ಕಿ” ಎಂದನು. ‘ಮತ್ತೊಮ್ಮೆ ಪ್ರಯತ್ನಿಸಿ’ ಎಂದಿತು. “ಅಕ್ಕಿ!” ಎಂದು ಅವನು ಗದರಿದನು. ನಾಗಮಂಗಲದ ಸೀಮೆಯವಳಾದ ನನ್ನ ಹೆಂಡತಿ ಒಳಗಿನಿಂದ ಬಂದು, “ಮಗ ಅಷ್ಟು ಚೆಂದಾಗಿ ಅಕ್ಕಿ ಅಂತಾವ್ನೆ, ಇದ್ಕೇನು ಕಿವಿ ಕೇಳಾಕಿಲ್ವಾ?” ಎಂದು ಮೊಬೈಲನ್ನೇ ವಿಚಾರಿಸಿಕೊಂಡಳು.

ನನ್ನ ಕಾಲದ ಮೇಷ್ಟರು ಮೂರನೆಯ ತಪ್ಪಿಗೆ ಬೆತ್ತದತ್ತ ಕೈ ಚಾಚುತ್ತಿದ್ದರು. ಈ ಗುರುವಿಗಾದರೋ ಕೋಪವೂ ಇಲ್ಲ, ದಣಿವೂ ಇಲ್ಲ. ಸ್ಥಿತಪ್ರಜ್ಞನಂತೆ ‘ಮತ್ತೊಮ್ಮೆ’ ಎನ್ನುತ್ತಲೇ ಇದ್ದು, ಒಂದು ವಾರದೊಳಗಾಗಿ ಅದು ಹುಡುಗನ ನಾಲಗೆಗೆ ಹಕಾರವನ್ನು ಅಂಟಿಸಿಯೇಬಿಟ್ಟಿತು. ಪರದೆಯ ಮೇಲೆ ನಕ್ಷತ್ರಗಳು ಉದುರಿದುವು. ಆದರೆ ಹೊಸದಾಗಿ ಐಶ್ವರ್ಯ ಬಂದವನು ಅದನ್ನು ಎಲ್ಲಿ ವೆಚ್ಚ ಮಾಡಬೇಕೆಂದರಿಯದೆ ಕಂಡಕಂಡೆಡೆ ಚೆಲ್ಲುವಂತೆ, ಅಂದು ರಾತ್ರಿ ಅವನು ಎಲೆಯ ಮುಂದೆ ಕುಳಿತು, “ಹಜ್ಜಿ, ಹನ್ನ ಹಾಕು” ಎಂದನು. ನಿಮ್ಮೂರು ಯಾವುದೆಂದು ಪಕ್ಕದ ಮನೆಯವರು ಕೇಳಿದ್ದಕ್ಕೆ “ಹಕ್ಕಿಹೆಬ್ಬಾಳು” ಎಂದನು. ನಮ್ಮ ಸುತ್ತಿನಲ್ಲಿ ಪಕ್ಷಿಧಾಮವೆಂದರೆ ರಂಗನತಿಟ್ಟೊಂದೇ ಎಂದು ನಂಬಿದ್ದ ನಾನು, ಮೂರ್ತಿರಾಯರ ಜನ್ಮಸ್ಥಳವೂ ಹೀಗೆ ಒಂದೇ ವಾರದಲ್ಲಿ ಪಕ್ಷಿಧಾಮವಾದುದನ್ನು ಕಂಡು ಬೆರಗಾದೆನು.

ಆ್ಯಪಿನ ತಪ್ಪೆಂದು ಹೇಳಲಾರೆ. ಅದರಲ್ಲಿ ಹಕ್ಕಿಗೊಂದು ಪುಟ, ಅಕ್ಕಿಗೊಂದು ಪುಟ. ಅವೆರಡೂ ಪರಸ್ಪರ ಸಂಧಿಸುವ ಪ್ರಸಂಗವೇ ಅಲ್ಲಿಲ್ಲ. ಅಂಥ ಪ್ರಸಂಗವೊದಗಿದ್ದು ಮಾರನೆಯ ಬೆಳಿಗ್ಗೆ, ನಮ್ಮ ಅಂಗಳದಲ್ಲಿ. ಮೊರದಲ್ಲಿ ಅಕ್ಕಿಯನ್ನು ಕೇರುತ್ತಿದ್ದ ನನ್ನ ಹೆಂಡತಿ ಅಭ್ಯಾಸಬಲದಿಂದ ಒಂದು ಹಿಡಿಯನ್ನು ಅತ್ತ ಎರಚಲು, ಮಾಡಿನ ಸಂದಿನಿಂದ ನಾಲ್ಕಾರು ಗುಬ್ಬಚ್ಚಿಗಳು ಇಳಿದುವು. ಹುಡುಗನು ಗಲ್ಲಕ್ಕೆ ಕೈಯಿಟ್ಟು ಬಹಳ ಹೊತ್ತು ನೋಡುತ್ತಿದ್ದು, ಕೊನೆಗೆ ಯಾರೂ ಕೇಳದಿದ್ದರೂ ತಾನಾಗಿಯೇ, “ಅಜ್ಜಿ, ಹಕ್ಕಿ ಅಕ್ಕಿ ತಿಂತಾ ಅವೆ” ಎಂದನು. ಒಂದೊಂದು ಅಕ್ಷರವೂ ಸ್ವಸ್ಥಾನದಲ್ಲಿತ್ತು. ನಕ್ಷತ್ರವನ್ನು ದಯಪಾಲಿಸಬೇಕಾಗಿದ್ದ ಮೊಬೈಲು ಮಾತ್ರ ಚಾರ್ಜಿಲ್ಲದೆ ಗೂಡಿನಲ್ಲಿ ಮಲಗಿತ್ತು.

“ಊಂ ಕಣ್ ಮಗ,” ಎಂದಳು ನನ್ನ ಹೆಂಡತಿ, ಮೊರದಿಂದ ಕಣ್ಣೆತ್ತದೆ, “ಅಕ್ಕಿ ಅಕ್ಕಿ ತಿಂತಾ ಅವೆ.”

ಅದರಲ್ಲಿ ಯಾವುದು ತಿನ್ನುವುದು, ಯಾವುದು ತಿನ್ನಿಸಿಕೊಳ್ಳುವುದು ಎಂಬ ವಿಷಯದಲ್ಲಿ ನನಗಾಗಲಿ, ಮೊಮ್ಮಗನಿಗಾಗಲಿ, ಆ ಗುಬ್ಬಚ್ಚಿಗಳಿಗಾಗಲಿ ಲೇಶವಾದರೂ ಸಂದೇಹವುಂಟಾಗಲಿಲ್ಲ.