ಹನ್ನೆರಡು ಮನಸ್ಸು, ಒಬ್ಬ ರೈತ: ಗೇಮಿನೊಳಗಿನ ಸಂಬಂಧ ನಿರ್ಣಯ ಕುರಿತು ಒಂದು ಅಧಿಕರಣ

ಮೀಮಾಂಸಕರ ಕಟ್ಟಳೆಯಂತೆ ವಿಚಾರ ಯಾವುದೇ ಇರಲಿ, ಐದು ಅಂಗ ತಪ್ಪಬಾರದು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ವಿಷಯ ಇದು: ಎರಿಕ್ ಬರೋನ್ ಎಂಬಾತ ಒಬ್ಬನೇ ಕೂತು ಕಟ್ಟಿ 2016ರ ಫೆಬ್ರವರಿಯಲ್ಲಿ ಹೊರತಂದ 'ಸ್ಟಾರ್‌ಡ್ಯೂ ವ್ಯಾಲಿ' ಗೇಮಿನಲ್ಲಿ ಪೆಲಿಕನ್ ಟೌನ್ ಎಂಬ ಊರಿದೆ. ಕಂಪನಿ ಕೆಲಸ ಬಿಟ್ಟು ತಾತನ ಜಮೀನಿಗೆ ಬಂದ ರೈತ ಅಲ್ಲಿನ ಆರು ಹುಡುಗಿಯರು, ಆರು ಹುಡುಗರ ಪೈಕಿ ಯಾರನ್ನು ಬೇಕಾದರೂ ಮದುವೆಯಾಗಬಹುದು. ಸಂಶಯ: ಯಾರನ್ನು?

ಕೋಲಾರದ ಪೂರ್ವಪಕ್ಷಿಗೆ ಈ ಸಂಶಯವೇ ಅಸಿಂಧು. ಆರಿಸುವುದು ರೈತನೇ? 2023ರ ಏಪ್ರಿಲ್‌ನಲ್ಲಿ, ವಿಧಾನಸಭೆ ಚುನಾವಣೆಯ ಕಾವಿನಲ್ಲಿ, ಎಚ್.ಡಿ. ಕುಮಾರಸ್ವಾಮಿ ಅವರು ಇದೇ ಕೋಲಾರದಲ್ಲಿ ನಿಂತು, ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣುಮಕ್ಕಳಿಗೆ 2 ಲಕ್ಷ ರೂಪಾಯಿ ಕೊಡುವ ಭರವಸೆ ನೀಡಿದ್ದರು. ಅದಕ್ಕೂ ಮೊದಲು, ಫೆಬ್ರವರಿಯಲ್ಲಿ, ಮಂಡ್ಯ ಕಡೆಯ ಅವಿವಾಹಿತ ಯುವಕರು ಕಂಕಣಭಾಗ್ಯ ಬೇಡಿ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟಿದ್ದರು. ಹೀಗಿರುವಾಗ ಒಬ್ಬ ರೈತನ ಹಿಂದೆ ಹನ್ನೆರಡು ಮಂದಿ! ಅದೇ ಗೇಮಿನ ಗಣಿಯಲ್ಲಿ ಓಡಾಡುವ ಅಸ್ಥಿಪಂಜರಗಳನ್ನು ಕೋಲಾರದವರು ನಂಬಿಯಾರು, ಇದನ್ನಲ್ಲ.

ಇದಕ್ಕೆ ಅರ್ಥಶಾಸ್ತ್ರದ ಆಧಾರವೂ ಉಂಟು. ಗೇಮಿನಲ್ಲಿ ಟೊಮೆಟೊ ನೆಟ್ಟ 11 ದಿನಕ್ಕೆ ಕೊಯ್ಲಿಗೆ ಬರುತ್ತದೆ, ಬಳಿಕ ನಾಲ್ಕು ದಿನಕ್ಕೊಮ್ಮೆ. ಸಾದಾ ಹಣ್ಣೊಂದಕ್ಕೆ 60 ನಾಣ್ಯ; ಇವತ್ತೂ ಅಷ್ಟೇ, ಮುಂದಿನ ವರ್ಷವೂ ಅಷ್ಟೇ. ಕೋಲಾರದ ಎಪಿಎಂಸಿ ಹರಾಜಿನಲ್ಲಿ 15 ಕಿಲೋ ಬಾಕ್ಸು 2023ರ ಜುಲೈನಲ್ಲಿ 2 ಸಾವಿರ ರೂಪಾಯಿ ದಾಟಿತ್ತು. ಕೊಯ್ದ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದ ಕಾಲವೂ ಉಂಟು. ಆದ್ದರಿಂದ ಇಲ್ಲಿ ಹೆಣ್ಣಿನ ಕಡೆಯವರ ಪ್ರಶ್ನಾವಳಿ ಹೀಗೆ ಸಾಗುತ್ತದೆ:

"ಹುಡುಗ ಏನ್ ಮಾಡ್ಕೊಂಡವ್ನೆ?"

"ಟಮಾಟ ಇಟ್ಟವ್ನೆ."

"ಬೋರಲ್ಲಿ ನೀರು ಎಷ್ಟಿಂಚು?"

ಪೆಲಿಕನ್ ಟೌನಿನಲ್ಲಿ ಈ ಎರಡನೆಯ ಪ್ರಶ್ನೆ ಯಾರೂ ಕೇಳುವುದಿಲ್ಲ. 75 ಕಲ್ಲು, 1,000 ನಾಣ್ಯ ಕೊಟ್ಟರೆ ಬಾವಿ ಸಿದ್ಧ, ನೀರು ಬತ್ತುವುದೇ ಇಲ್ಲ. ಸಾವಿರ ಅಡಿ ಕೊರೆಸಿ ಬರೀ ಧೂಳು ಕಂಡ ತಾಲ್ಲೂಕಿನ ಮಾವನೊಬ್ಬ ಇಂಥ ಜಮೀನು ನೋಡಿದರೆ ಜಾತಕ ಬಿಚ್ಚದೆಯೇ ತಾಂಬೂಲ ಬದಲಾಯಿಸಿಬಿಟ್ಟಾನು.

ಮಾಲೂರಿನ ಆಕ್ಷೇಪ ಕಥೆಯ ಬುಡಕ್ಕೇ ಕೈ ಹಾಕುತ್ತದೆ. ನಾಯಕ ಜೋಜಾ ಕಂಪನಿಯ ಕುರ್ಚಿ ಬಿಟ್ಟು ಹಳ್ಳಿಗೆ ಬರುತ್ತಾನೆ; ಮಾಲೂರಿನ ಯುವಕ ದಿನ ಬೆಳಗಾದರೆ ಬೆಂಗಳೂರಿನ ರೈಲು ಹತ್ತಿ ಜೋಜಾದ ಕಡೆಗೇ ಹೋಗುತ್ತಾನೆ, ದಾರಿಯಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಹಸುವಿನ ಹಾಲು ಕರೆಯುತ್ತಾನೆ. ಮದುವೆ ಬ್ರೋಕರುಗಳ ಶಾಸ್ತ್ರದಲ್ಲಿ ಜೋಜಾ ಬಿಟ್ಟವನಿಗೆ ಗ್ರಹಬಲವೇ ಇಲ್ಲ. ಇದೇ ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿಯವರೂ ಹುದ್ದೆ ಬಿಟ್ಟವರಲ್ಲವೇ ಎಂದು ಯಾರಾದರೂ ಕೇಳಬಹುದು. ಬಿಟ್ಟದ್ದು ನಿಜ, ಜಿಲ್ಲಾಧಿಕಾರಿಯಾದ ಮೇಲೆ. ಮದುವೆ ಅದಕ್ಕೂ ಎಷ್ಟೋ ಮೊದಲೇ ಮುಗಿದಿತ್ತು.

ಶ್ರೀನಿವಾಸಪುರದ ತಕರಾರು ಉಡುಗೊರೆಯದು. ಮನಸ್ಸು ಗೆಲ್ಲಲು ವಾರಕ್ಕೆ ಎರಡು ಉಡುಗೊರೆ ಕೊಡಬಹುದು. ಹುಟ್ಟುಹಬ್ಬದಂದು ಕೊಟ್ಟರೆ ಎಂಟು ಪಟ್ಟು ಫಲ. ಇಲ್ಲಿಯವರೆಗೆ ಒಪ್ಪಿಗೆ. ಆದರೆ 2020ರ ಡಿಸೆಂಬರಿನಲ್ಲಿ ಬಂದ 1.5ನೇ ಆವೃತ್ತಿಯ ಮಾವಿನ ಗಿಡದಲ್ಲಿ ಬಿಡುವುದು ಬರೀ 'ಮಾವು'. ಯಾವ ಮಾವು? ಬಾದಾಮಿಯೋ, ರಸಪುರಿಯೋ, ಬೇನಿಷಾವೋ, ಸೇಂದೂರವೋ? ಮಲ್ಲಿಕಾ ಎಂದರೆ ನೀಲಂ ಮತ್ತು ದಶೇರಿಯ ಕೂಸು ಎಂದು ಹಣ್ಣಿಗೂ ತಂದೆತಾಯಿ ಹೇಳುವ ಸೀಮೆಯಲ್ಲಿ ಕುಲಗೋತ್ರವಿಲ್ಲದ ಹಣ್ಣನ್ನು ಹುಡುಗಿಯ ಕೈಗಿಡುವುದು ಹೇಗೆ? ಅದು ತೋತಾಪುರಿಯಾಗಿದ್ದರೆ ಸಂಬಂಧ ಅಲ್ಲಿಗೇ ಮುರಿಯಿತು. ಅದು ಪಲ್ಪ್ ಕಾರ್ಖಾನೆಯ ಸರಕು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಯನ್ನು ಗಡಿಯಲ್ಲೇ ತಡೆದಾಗ ಮುಖ್ಯಮಂತ್ರಿಗಳೇ ಆಂಧ್ರಕ್ಕೆ ಪತ್ರ ಬರೆಯಬೇಕಾಯಿತು. ಉಡುಗೊರೆ ತಿರಸ್ಕಾರಕ್ಕೆ ಇಷ್ಟು ದೊಡ್ಡ ದೃಷ್ಟಾಂತ ಗೇಮಿನಲ್ಲಂತೂ ಇಲ್ಲ.

ಮುಳಬಾಗಿಲಿಗೆ ವಾದ ಹೊಸದಲ್ಲ. 14ನೇ ಶತಮಾನದಲ್ಲಿ ವಿದ್ಯಾರಣ್ಯರಿಗೂ ಅಕ್ಷೋಭ್ಯ ತೀರ್ಥರಿಗೂ 'ತತ್ತ್ವಮಸಿ'ಯ ಮೇಲೆ ವಾದ ನಡೆದದ್ದು ಇಲ್ಲೇ, ತೀರ್ಪು ಕೇಳಿದ್ದು ವೇದಾಂತ ದೇಶಿಕರನ್ನು ಎಂದು ಮಾಧ್ವ ಪರಂಪರೆ ಹೇಳುತ್ತದೆ. ಗೆದ್ದವರು ಯಾರೆಂಬುದು ಯಾವ ಮಠದವರನ್ನು ಕೇಳುತ್ತೀರಿ ಎಂಬುದನ್ನು ಅವಲಂಬಿಸಿದೆ. 2015ರ 'ದ ವಿಚರ್ 3' ಗೇಮಿನಲ್ಲಿ ಟ್ರಿಸ್ ಮೇಲೋ ಯೆನ್ನೆಫರ್ ಮೇಲೋ ಎಂಬ ವಾದವೂ ಹಾಗೆಯೇ ಬಗೆಹರಿಯದೆ ಉಳಿದಿದೆ. ಎರಡೂ ಸತ್ಯವೆಂಬ ಸಮನ್ವಯವಾದಿಗೆ ಅಲ್ಲಿ ಆಗುವ ಗತಿ ಗಮನಾರ್ಹ: ಇಬ್ಬರಿಗೂ ಮಾತು ಕೊಟ್ಟ ನಾಯಕನನ್ನು ಇಬ್ಬರೂ ಸೇರಿ ಮಂಚಕ್ಕೆ ಬೇಡಿ ಹಾಕಿ ಬಿಟ್ಟು ಹೋಗುತ್ತಾರೆ. ಪೆಲಿಕನ್ ಟೌನಿನಲ್ಲಿ ಆರೂ ಹುಡುಗಿಯರೊಂದಿಗೆ ಪ್ರೇಮ ನಡೆಸಿ ಸಿಕ್ಕಿಬಿದ್ದರೆ ಒಂದು ವಾರ ಯಾರೂ ಮಾತಾಡಿಸುವುದಿಲ್ಲ. ಚೀಲದಲ್ಲಿ ಮೊಲದ ಕಾಲೊಂದಿದ್ದರೆ ಮಾತ್ರ ಪಾರು. ಸಾಕ್ಷಿಯೂ ಇಲ್ಲ, ಪಂಚಾಯಿತಿಯೂ ಇಲ್ಲ. ಮುಳಬಾಗಿಲಿನ ತಾರ್ಕಿಕರು ಇದನ್ನು ಪ್ರಮಾಣವೆಂದು ಒಪ್ಪುವ ಹಾಗಿಲ್ಲ.

ಸಿದ್ಧಾಂತ: ಮಾರು. ಬಡಗಿ ರಾಬಿನ್‌ಳ ಮಗಳು. ಕ್ಲಿನಿಕ್ಕಿನಲ್ಲಿ ಕೆಲಸ ಇದೆ, ಅಂದರೆ ಟೊಮೆಟೊ ಬಿದ್ದ ವರ್ಷ ಮನೆ ನಡೆಯುತ್ತದೆ. ಯಂತ್ರ ಬಿಚ್ಚಿ ಜೋಡಿಸಬಲ್ಲಳು, ಬೋರಿನ ಮೋಟರು ಸುಟ್ಟರೆ ಮೆಕ್ಯಾನಿಕ್ಕಿಗೆ ಕಾಯಬೇಕಿಲ್ಲ. ಮನೆಗೆ ಕೋಣೆ ಸೇರಿಸಬೇಕೆಂದರೆ ಅತ್ತೆಯೇ ಇದ್ದಾರೆ. ಎಲ್ಲಕ್ಕಿಂತ ಮಿಗಿಲಾಗಿ, ಸ್ನೇಹ ಶುರುವಾದ ಹೊಸತರಲ್ಲೇ ಅವಳ ಅಪ್ಪ ಡೆಮೆಟ್ರಿಯಸ್ ರೈತನನ್ನು ತಡೆದು, ಮಗಳ ಭವಿಷ್ಯಕ್ಕೆ ಅಡ್ಡ ಬರಬೇಡ ಎನ್ನುತ್ತಾರೆ. ಕೋಲಾರದ ಬೀಗರ ಗಾಳಿ ಬೀಸುವುದು ಅಲ್ಲಿ. ಒಂದೇ ತೊಡಕು, ಅವಳಿಗೆ ಪ್ರಿಯವಾದ ಉಡುಗೊರೆಗಳಲ್ಲಿ ಚಿನ್ನದ ಗಟ್ಟಿಯೂ ಒಂದು. ಕೆಜಿಎಫ್ ಗಣಿ 2001ರ ಫೆಬ್ರವರಿ 28ಕ್ಕೇ ಮುಚ್ಚಿತು. ಗೇಮಿನಲ್ಲಾದರೋ ಐದು ಅದಿರು, ಒಂದು ಕಲ್ಲಿದ್ದಲು ಕುಲುಮೆಗೆ ಹಾಕಿದರೆ ಗಟ್ಟಿ ಕೈಗೆ ಬರುತ್ತದೆ.

ಉಳಿದದ್ದು ಸಂಗತಿ. ಗೇಮಿನಲ್ಲಿ ಸ್ನೇಹ ಅಳೆಯುವ ಹತ್ತು ಹೃದಯ ತುಂಬಿದ ಮೇಲೆ ಮದುವೆ ಪ್ರಸ್ತಾಪಕ್ಕೆ 5,000 ನಾಣ್ಯದ ಪದಕ ಬೇಕು. ಅದನ್ನು ಮಾರುವ ಮುದುಕ ನಾವಿಕ ಕಡಲತೀರಕ್ಕೆ ಬರುವುದು ಮಳೆ ಬಂದ ದಿನ ಮಾತ್ರ. ಸದಾ ಹರಿಯುವ ನದಿಯೊಂದೂ ಇಲ್ಲದ, 2018ರಿಂದ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರಲ್ಲಿ ಕೆರೆ ತುಂಬಿಸಿಕೊಳ್ಳುತ್ತಿರುವ ಜಿಲ್ಲೆಯ ಮೇಲೆ ಈ ನಿಯಮ ಹೇರುವುದು ಬ್ರಹ್ಮಚರ್ಯವನ್ನು ಕಡ್ಡಾಯ ಮಾಡಿದಂತೆ. ಪರಿಹಾರವನ್ನು ಗೇಮೇ ಕೊಡುತ್ತದೆ: 'ರೈನ್ ಟೋಟೆಮ್' ಎಂಬ ಕಂಬದ ತುಂಡೊಂದನ್ನು ಪ್ರಯೋಗಿಸಿದರೆ ಮರುದಿನ ಮಳೆ ಖಚಿತ. ಅಂಥದೊಂದು ಕೈಗೆ ಸಿಕ್ಕ ಕೋಲಾರದವನು ಮರುದಿನ ಕಡಲತೀರಕ್ಕೆ ಹೋಗುತ್ತಾನೆಂದು ನಂಬುವುದು ಕಷ್ಟ. ಮಾರು ಇನ್ನೊಂದು ಹಂಗಾಮು ಕಾಯಬೇಕಾಗಬಹುದು. ಅವನು ಕೆರೆ ಕೋಡಿ ಬಿತ್ತೋ ಇಲ್ಲವೋ ನೋಡಲು ಹೋಗಿರುತ್ತಾನೆ.