ಕೋಳಿಗೂ ಪಂಕ್ತಿ ಊಟ

‘ಎಷ್ಟು ಸಾವಿರ ಕೋಳಿ ಸಾರ್?’ ಶಿವಮೊಗ್ಗದ ಅಂಗಡಿಯವನ ಮೊದಲ ಪ್ರಶ್ನೆಗೇ ನಾನು ಬೆವತೆ. ಆರು ಅಂದೆ. ‘ಆರು ಸಾವಿರಕ್ಕೆ ನೀರು ಕುಡಿಸೋ ನಿಪ್ಪಲ್ ಪೈಪ್ ಲೈನೇ ಹಾಕ್ಸಿಬಿಡಿ’ ಅಂದ. ಅಲ್ಲಪ್ಪ, ಬರೀ ಆರು. ಐದು ಹೇಂಟೆ, ಒಂದು ಹುಂಜ. ಒಳಗೆ ಹೋದವನು ಕೆಂಪು ಬುಡದ ಎರಡು ಪ್ಲಾಸ್ಟಿಕ್ ಡಬ್ಬ ತಂದು, ಒಂದು ಕಾಳಿಗೆ, ಒಂದು ನೀರಿಗೆ ಎಂದು ಮೇಜಿನ ಮೇಲೆ ಕುಕ್ಕಿದ. ಅವನ್ನು ತೊಡೆಯ ಮೇಲಿಟ್ಟುಕೊಂಡು ಭದ್ರಾವತಿ ಬಸ್ಸಿನಲ್ಲಿ ಕೂತವನು ಮಲವಗೊಪ್ಪದಲ್ಲಿ ಇಳಿಯುವಷ್ಟರಲ್ಲಿ, ಮಿಕ್ಸಿಯೋ ಫಿಲ್ಟರೋ ಎಂದು ಮೂವರು ವಿಚಾರಿಸಿದ್ದರು. ಮನೆಯಾಕೆ ವಿಚಾರಿಸಲಿಲ್ಲ. ‘ನಾನು ಕುಕ್ಕರ್ ಕೇಳಿ ಎರಡು ವರ್ಷ ಆಯ್ತು’ ಅಂದಳು, ಅಷ್ಟೆ.

ಮಜಾ ಏನೆಂದರೆ, ನಮ್ಮವು ಗಿರಿರಾಜ ಕೋಳಿ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡು 1989ರಲ್ಲಿ ಹೊರಬಂದ ತಳಿ. ಹಿತ್ತಿಲಲ್ಲಿ ಹುಳ, ಸೊಪ್ಪು, ಮುಸುರೆ, ಏನು ಸಿಕ್ಕರೂ ತಿಂದು ಬೆಳೆಯಲಿ ಎಂದೇ ವಿಜ್ಞಾನಿಗಳು ತಲೆ ಕೆಡಿಸಿಕೊಂಡು ಮಾಡಿದ್ದು. ಅದಕ್ಕೆ ನಾನು ತಟ್ಟೆ ಲೋಟ ತಂದೆ.

ತಂದದ್ದನ್ನು ನೆಲದ ಮೇಲಿಟ್ಟೆ. ಕೋಳಿ ಮೊದಲು ಕಾಲಲ್ಲಿ ಉಣ್ಣುತ್ತದೆ, ಆಮೇಲೆ ಕೊಕ್ಕಲ್ಲಿ. ಹೇಂಟೆಯೊಂದು ತಟ್ಟೆಯೊಳಗೇ ನಿಂತು ಕೆದರಿತು ನೋಡಿ, ಮುಕ್ಕಾಲು ಪಾಲು ನುಚ್ಚು ಮಣ್ಣುಪಾಲು. ಹುಂಜ ಡಬ್ಬದ ನೆತ್ತಿಗೇರಿ ಕೂಗಿ, ಮಾಡಬಾರದ್ದನ್ನೂ ಅಲ್ಲೇ ಮಾಡಿ ಇಳಿಯಿತು. ಬೇಲಿಯಾಚೆಯಿಂದ ಪಕ್ಕದ ಮನೆ ಅಕ್ಕ, ‘ಅಣ್ಣಾ, ನಿಮ್ಮ ಹುಂಜಕ್ಕೆ ಸಿಂಹಾಸನ ಒಪ್ತದೆ’ ಅಂದರು. ಅವರ ಕೋಳಿಗಳಿಗೆ ಅಡಿಕೆ ಹಾಳೆಯೇ ತಟ್ಟೆ. ತೋಟದಲ್ಲಿ ಬಿದ್ದದ್ದು, ಮೂರು ದಿನಕ್ಕೊಂದು ಹೊಸದು, ತೊಳೆಯುವ ತಾಪತ್ರಯವಿಲ್ಲ. ಹಾಳೆಯನ್ನು ಹೀಗಳೆಯುವಷ್ಟು ಸೊಕ್ಕು ನನಗಿಲ್ಲ. ಆದರೆ ಮಳೆಗಾಲದಲ್ಲಿ ಅದರೊಳಗಿನ ನುಚ್ಚು ನೆಂದು ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟಿನ ವಿಷ ನೇರ ಕೋಳಿಯ ಈಲಿಗೇ ಕೈ ಹಾಕುತ್ತದೆ.

ಗುಟ್ಟು ಎತ್ತರದಲ್ಲಿತ್ತು. ತಟ್ಟೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬರಬೇಕು. ಕತ್ತು ಚಾಚಿದರೆ ಸಿಗಬೇಕು, ಕಾಲೆತ್ತಿದರೆ ಸಿಗಬಾರದು. ಯಾರ ಬೆನ್ನು? ಹುಂಜದ ಅಳತೆ ಹಿಡಿದರೆ ಗಿಡ್ಡ ಹೇಂಟೆ ಉಪವಾಸ. ಸ್ಕೇಲು ಹಿಡಿದು ಗಿಡ್ಡ ಹೇಂಟೆಯ ಹಿಂದೆ ಓಡಿದ ನನ್ನನ್ನು ಓಣಿಯ ಮಕ್ಕಳು ಇನ್ನೂ ಮರೆತಿಲ್ಲ. ಅಂತೂ ಪೇರಲೆ ಕೊಂಬೆಗೆ ಹಗ್ಗ ಬಿಗಿದು ತೂಗುಹಾಕಿದೆ. ತಟ್ಟೆಯಲ್ಲಿ ಕಾಳು ಮೂರನೇ ಒಂದು ಭಾಗ ನಿಂತರೆ ಸಾಕು, ಹೆಚ್ಚಾದರೆ ಚೆಲ್ಲಾಟ. ಕತ್ತಲಾದ ಮೇಲೆ ಡಬ್ಬ ಮನೆಯೊಳಗೆ. ಹೊರಗೆ ಬಿಟ್ಟರೆ ಇಲಿ ಬರುತ್ತದೆ, ಇಲಿಯ ಹಿಂದೆ ನಾಗಪ್ಪ ಬರುತ್ತಾನೆ, ನಾಗಪ್ಪ ಬಂದರೆ ಮನೆಯಾಕೆ ತವರಿಗೆ ಹೊರಡುತ್ತಾಳೆ.

ನೀರಿನ ಡಬ್ಬದ್ದು ಬೇರೆಯೇ ರಾಮಾಯಣ. ತಲೆಕೆಳಗಾದ ಜಾಡಿ, ಬುಡದಲ್ಲಿ ತೂತು. ತೂತು ಮುಚ್ಚುವವರೆಗೆ ನೀರು ಇಳಿಯುತ್ತದೆ. ಆಮೇಲೆ ಒಳಗೆ ಗಾಳಿ ನುಗ್ಗಲು ದಾರಿಯಿಲ್ಲ, ಹೊರಗಿನ ಗಾಳಿಯ ಒತ್ತಡ ನೀರನ್ನು ತಡೆದು ನಿಲ್ಲಿಸುತ್ತದೆ. ಹೈಸ್ಕೂಲಿನಲ್ಲಿ ಬೆತ್ತದ ಏಟಿಗೂ ತಲೆಗೆ ಹತ್ತದ ಪಾಠ ಕೋಳಿ ದೆಸೆಯಿಂದ ಹತ್ತಿತು. ಷರತ್ತು ಒಂದೇ, ನೆಲ ಮಟ್ಟಸವಾಗಿರಬೇಕು. ನಮ್ಮ ಹಿತ್ತಿಲು ಮಟ್ಟಸವಿಲ್ಲ ಎಂದು ತಿಳಿದದ್ದು ಮೂರು ಲೀಟರ್ ನೀರೂ ಬಾಳೆಬುಡ ಸೇರಿದ ಮೇಲೆ. ಚಪ್ಪಡಿ ಹಾಕಿ ಕೂರಿಸಿದೆ. ದೊಡ್ಡ ಕೋಳಿಗೆ ದಿನಕ್ಕೆ ಸುಮಾರು 250 ಮಿಲಿಲೀಟರ್ ನೀರು, ಏಪ್ರಿಲ್ ಬಿಸಿಲಿಗೆ ಅದರ ಇಮ್ಮಡಿ. ಬೆವರದ ಜೀವಿ, ಬಾಯಿ ತೆರೆದು ಏದುಸಿರು ಬಿಟ್ಟೇ ತಣಿಯಬೇಕು. ಬಿಸಿಲಲ್ಲಿ ಕಾದ ಪ್ಲಾಸ್ಟಿಕ್ ಡಬ್ಬದತ್ತ ಅವು ತಿರುಗಿಯೂ ನೋಡಲಿಲ್ಲ. ಬೇಲಿ ನುಸುಳಿ ಅಕ್ಕನ ಮಣ್ಣಿನ ಬಾನಿಗೆ ಹೋದವು. ಆ ಬಾನಿಯ ನಡುವೆ ಗುಂಡುಕಲ್ಲು, ಸುತ್ತ ಬೆಣಚುಕಲ್ಲು. ಮರಿ ಬಗ್ಗಿ ಕುಡಿದೀತು, ಮುಳುಗಲಾರದು. ಕದ್ದು ಕಲಿತೆ. ನಮ್ಮ ಡಬ್ಬವೂ ನೆರಳಿಗೆ ಬಂತು, ಬುಡಕ್ಕೆ ಬೆಣಚುಕಲ್ಲೂ ಬಿತ್ತು. ದಿನಾ ತೆಂಗಿನ ನಾರಿನಲ್ಲಿ ಉಜ್ಜುತ್ತೇನೆ. ನೀರಿಗೆ ಹಿಕ್ಕೆ ಬಿದ್ದರೆ ಮರಿಗಳಿಗೆ ರಕ್ತಭೇದಿ ಕಟ್ಟಿಟ್ಟದ್ದು. ಮನೆಯ ಪಾತ್ರೆ ಯಾಕೆ ಹೀಗೆ ಉಜ್ಜಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇನೆ.

ಈಗ ಪೇರಲೆ ಮರದಡಿ ಬೆಳಗಾದರೆ ಅಚ್ಚುಕಟ್ಟಾದ ಪಂಕ್ತಿ. ಮೊನ್ನೆ ಎಣಿಸಿದೆ, ಹನ್ನೊಂದು. ನಮ್ಮವು ಆರು. ಅಕ್ಕನ ಅಡಿಕೆ ಹಾಳೆ ಬೇಲಿ ಮೇಲೆ ಒಣಗುತ್ತಿತ್ತು. ‘ವ್ಯವಸ್ಥೆ ಭಾಳ ಚೆನ್ನಾಗಿ ಮಾಡಿದೀರಿ ಅಣ್ಣಾ’ ಅಂದರು. ಉಂಡಾದ ಮೇಲೆ ಐದು ಹೇಂಟೆ ಬೇಲಿ ನುಸುಳಿ ಅವರ ಮನೆಗೆ ಹೋಗಿ ಮೊಟ್ಟೆಯಿಟ್ಟವು.