ಮಾಮೂಲು ಮೀಮಾಂಸೆ: ನ್ಯೂಯಾರ್ಕ್ ಶಾಖೆ

ಕೌಟಿಲ್ಯನ ಅರ್ಥಶಾಸ್ತ್ರವನ್ನು ರುದ್ರಪಟ್ಟಣದ ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಅಚ್ಚು ಹಾಕಿಸಿದ್ದು 1909ರಲ್ಲಿ. ರಾಜನ ಬೊಕ್ಕಸ ನುಂಗುವುದಕ್ಕೆ 40 ದಾರಿಗಳುಂಟೆಂದು ಅದರಲ್ಲಿ ಪಟ್ಟಿಯೇ ಇದೆ. ನ್ಯೂಯಾರ್ಕಿನ ಟ್ಯಾಮನಿ ಹಾಲ್ ಎಂಬ ರಾಜಕೀಯ ಗುರುಕುಲ ಈ ಗ್ರಂಥ ಸಿಗಲೆಂದು ಕಾದು ಕೂರಲಿಲ್ಲ. ಅದಕ್ಕೂ ಸುಮಾರು ನಲವತ್ತು ವರ್ಷ ಮೊದಲೇ, ಬರೀ ಸ್ವಯಂಪ್ರತಿಭೆಯಿಂದ, ಶಾಸ್ತ್ರವನ್ನು ಎಷ್ಟು ಎತ್ತರಕ್ಕೆ ಒಯ್ದಿತ್ತೆಂದರೆ ನಮ್ಮ ಪಟ್ಟಿ ಅದರೆದುರು ಬಾಲಬೋಧೆ. ಈ ಸಂಪ್ರದಾಯಕ್ಕೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಒಂದು ಪೀಠವಿಲ್ಲ, ಅಭ್ಯಾಸಿಗಳಿಗೇನೂ ಕೊರತೆಯಿಲ್ಲ.

ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟು: ಬೆಳೆಯುವ ನಗರದಲ್ಲಿ ಮಾಮೂಲಿಗೆ ನಾಶವೆಂಬುದಿಲ್ಲ, ಕೈ ಬದಲಾವಣೆ ಮಾತ್ರ ಉಂಟು.

ಮೊದಲು ಆಕರ. ಈ ಶಾಸ್ತ್ರದ ಮೂಲಗ್ರಂಥ ಇರುವುದು ತಾಳೆಗರಿಯಲ್ಲಲ್ಲ, ಅಮೃತಶಿಲೆಯಲ್ಲಿ. ಚೇಂಬರ್ಸ್ ಸ್ಟ್ರೀಟಿನ ಕೌಂಟಿ ಕೋರ್ಟ್ ಕಟ್ಟಡದ ಕೆಲಸ 1861ರಲ್ಲಿ ಶುರುವಾದಾಗ ಅಂದಾಜು 2,50,000 ಡಾಲರ್. ದೇಹದಲ್ಲೂ ಶಾಸ್ತ್ರದಲ್ಲೂ ಗುರುವೇ ಆಗಿದ್ದ ಟ್ಯಾಮನಿಯ ಆಚಾರ್ಯ ವಿಲಿಯಂ ಟ್ವೀಡರ ಸಾರಥ್ಯದಲ್ಲಿ ಅದು ಕೋಟಿ ಡಾಲರ್ ದಾಟಿತು. ಹೋಲಿಸಿ ನೋಡಬೇಕೆನ್ನುವವರಿಗೆ: 1867ರಲ್ಲಿ ಅಮೆರಿಕ ಇಡೀ ಅಲಾಸ್ಕವನ್ನು ರಷ್ಯಾದಿಂದ ಕೊಂಡದ್ದು 72 ಲಕ್ಷಕ್ಕೆ. ಒಬ್ಬ ಗಾರೆ ಕೆಲಸದವನು ಎರಡು ದಿನದ ಕೆಲಸಕ್ಕೆ 1,33,187 ಡಾಲರ್ ಬಿಲ್ ಮಾಡಿದ. ಮರದ ಕೆಲಸವೇ ಹೆಚ್ಚಿಲ್ಲದ ಆ ಕಟ್ಟಡದಲ್ಲಿ ಒಬ್ಬ ಬಡಗಿಗೆ ಒಂದು ತಿಂಗಳಿಗೆ 3,60,751 ಡಾಲರ್ ಸಂದಿತು. 11 ಥರ್ಮಾಮೀಟರಿಗೆ 7,500 ಡಾಲರ್! ಜ್ವರ ಬಂದದ್ದು ಯಾರಿಗೆಂದು ಮೂಲದಲ್ಲಿ ಸ್ಪಷ್ಟವಿಲ್ಲ. ಈ ಮೊತ್ತವೆಲ್ಲ ಕೆಲಸಗಾರರ ಹೊಟ್ಟೆಗೆ ಹೋಯಿತೆಂದು ಭಾವಿಸುವುದು ಅಪಪಾಠ. ಶಾಸ್ತ್ರ ಪಕ್ವವಾದ ಕಾಲದಲ್ಲಿ ಬಿಲ್ಲಿನ ನೂರಕ್ಕೆ 65 ಪಾಲು ಗುರುಕುಲಕ್ಕೇ ದಕ್ಷಿಣೆಯಾಗಿ ಹಿಂತಿರುಗುತ್ತಿತ್ತು. ಕಟ್ಟಡ ಯಾಕಿಷ್ಟು ತಡವೆಂದು ವಿಚಾರಿಸಲು ಒಂದು ಸಮಿತಿಯೂ ನೇಮಕವಾಯಿತು. ಅದರ ವರದಿ ಅಚ್ಚಾದದ್ದು ಟ್ವೀಡರದೇ ಪ್ರೆಸ್ಸಿನಲ್ಲಿ. ಸಂಶೋಧನೆಗೆ ಇಷ್ಟು ಉದಾರವಾದ ಪ್ರೋತ್ಸಾಹವನ್ನು ಈ ಲೇಖಕ ಬೇರೆಲ್ಲೂ ಕಂಡಿಲ್ಲ.

ಇಂಥ ವ್ಯವಸ್ಥೆ ಅಧರ್ಮದ ಭಾರಕ್ಕೇ ಕುಸಿಯಿತೆಂದು ಹೇಳುವ ಪಂಥವೊಂದಿದೆ. ದಾಖಲೆ ಹಾಗೆ ಹೇಳುವುದಿಲ್ಲ. 1871ರ ಜನವರಿಯಲ್ಲಿ, ಲೆಕ್ಕದ ಗುಟ್ಟೆಲ್ಲ ತಲೆಯಲ್ಲಿಟ್ಟುಕೊಂಡಿದ್ದ ಆಡಿಟರ್ ಜೇಮ್ಸ್ ವಾಟ್ಸನ್, ಕುದುರೆ ಎಳೆಯುವ ಹಿಮದ ಬಂಡಿಯ ಅಪಘಾತದಲ್ಲಿ ತೀರಿಕೊಂಡರು. ಅವರು ಹೋದ ಮೇಲೆ, ತನ್ನ ಬಾಕಿ ಬರಲಿಲ್ಲವೆಂದು ಮುನಿದಿದ್ದ ಮಾಜಿ ಶೆರಿಫ್ ಒಬ್ಬರು ಲೆಕ್ಕದ ನಕಲನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ತಲುಪಿಸಿದರು. ಅಂದರೆ ಕೆಡವಿದ್ದು ಒಂದು ಕುದುರೆ ಮತ್ತು ಒಂದು ಪಾಲು ತಕರಾರು. 1873ರಲ್ಲಿ ಆಚಾರ್ಯರಿಗೆ ಶಿಕ್ಷೆಯಾಯಿತು, ಅದೂ ಇನ್ನೂ ಕಟ್ಟಿ ಮುಗಿಯದ ಅದೇ ಕೋರ್ಟಿನಲ್ಲಿ. ಮುಂದೆ ಅವರು ತಪ್ಪಿಸಿಕೊಂಡು ಸ್ಪೇನ್ ಮುಟ್ಟಿದರೂ, ಥಾಮಸ್ ನಾಸ್ಟ್ ಬರೆದ ವ್ಯಂಗ್ಯಚಿತ್ರ ನೋಡಿ ಅಲ್ಲಿನವರು ಗುರುತು ಹಿಡಿದರು. 1878ರಲ್ಲಿ ಜೈಲಿನಲ್ಲೇ ಕಾಲವಾದರು.

ಗುರು ಹೋದರೂ ಪರಂಪರೆ ನಿಂತಿತೇ? ಅದೇ ಕಟ್ಟಡದೊಳಗೆ, ಬೂಟ್ ಪಾಲಿಶ್ ಮಾಡುವವನ ಕಟ್ಟೆಯ ಮೇಲೆ ಕೂತು ಜಾರ್ಜ್ ವಾಷಿಂಗ್ಟನ್ ಪ್ಲಂಕಿಟ್ ಎಂಬ ಪುಢಾರಿ ಉಪನ್ಯಾಸ ಕೊಡುತ್ತಿದ್ದರು. 1905ರಲ್ಲಿ ಅವು ಪುಸ್ತಕವಾದವು. ಲಂಚದಲ್ಲಿ ಪ್ರಾಮಾಣಿಕ, ಅಪ್ರಾಮಾಣಿಕವೆಂಬ ಎರಡು ಭೇದಗಳನ್ನು ಸ್ಥಾಪಿಸಿದವರು ಅವರೇ. ಜೂಜುಕೋರರನ್ನು ಹಿಂಡುವುದು ಹೀನ. ಪಾರ್ಕ್ ಎಲ್ಲಿ ಬರುತ್ತದೆಂದು ಮೊದಲೇ ತಿಳಿದು, ಆ ಜಾಗ ಕೊಂಡು, ಆಮೇಲೆ ಸರ್ಕಾರಕ್ಕೇ ಮಾರುವುದು ಪ್ರಾಮಾಣಿಕ. (ಬೆಂಗಳೂರಿನ ಓದುಗರಿಗೆ ಈ ಸೂತ್ರಕ್ಕೆ ಭಾಷ್ಯ ಬೇಕಿಲ್ಲ, ಮುಂದೆ ಹೋಗೋಣ.)

ಮತದಾನ ಪ್ರಕರಣದಲ್ಲಿ ಪ್ರಮಾಣವೆನಿಸಿದವರು ಬೌರಿ ಬೀದಿಯ ಟ್ಯಾಮನಿ ಪುಢಾರಿ ಬಿಗ್ ಟಿಮ್ ಸಲಿವನ್. ಅವರ ಹೆಸರಿನಲ್ಲಿ ಬಂದಿರುವ ಕ್ಷೌರಸೂತ್ರದ ಪ್ರಕಾರ ಉತ್ತಮ ಮತದಾರನಿಗೆ ಪೊದೆಗಡ್ಡ ಇರಬೇಕು. ಗಡ್ಡದ ಸಮೇತ ಒಂದು ವೋಟು. ಗದ್ದ ಬೋಳಿಸಿ ಎರಡನೆಯದು. ಕೆನ್ನೆಗೂದಲು ತೆಗೆದು ಬರೀ ಮೀಸೆಯಲ್ಲಿ ಮೂರನೆಯದು. ಮೀಸೆಯೂ ಹೋಗಿ ನಾಲ್ಕು. ಒಂದು ಮುಖದಲ್ಲಿ ಚತುರ್ಮುಖ ಬ್ರಹ್ಮನನ್ನು ತೋರಿಸಿದ ಈ ಸಾಧನೆಯನ್ನು ನಮ್ಮ ಪುರಾಣಜ್ಞರು ಗಮನಿಸಬೇಕು. ಚಳಿಗಾಲ ಬಂದರೆ ಇದೇ ಸಲಿವನ್ ಬಡವರನ್ನು ಕರೆದು ಊಟ ಹಾಕುತ್ತಿದ್ದರು, ಬೂಟು ಕೊಡುತ್ತಿದ್ದರು. ಹಡಗಿನಿಂದ ಆಗತಾನೆ ಇಳಿದ ಐರಿಶ್ ಕೂಲಿಗೆ ಇನ್ನಾವ ಇಲಾಖೆಯೂ ಅದನ್ನು ಕೊಡುತ್ತಿರಲಿಲ್ಲ. ಈ ಒಂದು ವಾಕ್ಯವನ್ನು ಲೇಖಕ ಅಣಕಕ್ಕೆ ಬರೆದಿಲ್ಲ.

ಇನ್ನು ಪೊಲೀಸ್ ಕಾಂಡ. 1892ರಲ್ಲಿ ಚಾರ್ಲ್ಸ್ ಪಾರ್ಕ್‌ಹರ್ಸ್ಟ್ ಎಂಬ ಪಾದ್ರಿಗಳು ಟ್ಯಾಮನಿ ಮತ್ತು ಪೊಲೀಸರ ವಿರುದ್ಧ ಚರ್ಚಿನಲ್ಲಿ ಗುಡುಗಿದರು. ಪುರಾವೆ ಎಲ್ಲಿ ಎಂದು ಕೇಳಿದಾಗ ವೇಷ ಮರೆಸಿಕೊಂಡು ಸೂಳೆಗೇರಿ, ಸಾರಾಯಿ ಅಂಗಡಿಗಳನ್ನೆಲ್ಲ ಸ್ವತಃ ಸುತ್ತಿದರು. ಕ್ಷೇತ್ರಕಾರ್ಯವೆಂದರೆ ಇದು. 1894ರಲ್ಲಿ ಪೊಲೀಸರ ಲಂಚವನ್ನು ವಿಚಾರಿಸಲು ಲೆಕ್ಸೋ ಸಮಿತಿ ಕೂತಿತು, ಸಾಕ್ಷಿ ಸಾವಿರಾರು ಪುಟ ಬೆಳೆಯಿತು. ಅದರಿಂದ ದರಪಟ್ಟಿ ಸಿಕ್ಕಿತು: ಪೇದೆಯಾಗಲು 300 ಡಾಲರ್. ಕ್ಯಾಪ್ಟನ್ ಗಾದಿಗೆ 15,000 ಕೊಟ್ಟೆನೆಂದು ಟಿಮತಿ ಕ್ರೀಡನ್ ಒಪ್ಪಿಕೊಂಡರು. ವರ್ಷದ ಸಂಬಳ ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಬಂಡವಾಳ ಹಾಕಿದವನು ಬಡ್ಡಿ ತೆಗೆಯಬೇಡವೇ? ಸೂಳೆಮನೆಗಳು ಹೊಸ ಕ್ಯಾಪ್ಟನ್ ಬಂದಾಗ 500 ಡಾಲರ್ ಕಾಣಿಕೆ ಒಪ್ಪಿಸಿ, ಆಮೇಲೆ ತಿಂಗಳು ತಿಂಗಳು ಮಾಮೂಲು ಕಟ್ಟುತ್ತಿದ್ದವು. ಲಾಠಿಗೆ ಹೆಸರಾಗಿದ್ದ ಅಲೆಕ್ಸಾಂಡರ್ ವಿಲಿಯಮ್ಸ್ ಅವರನ್ನು ಇಷ್ಟು ಆಸ್ತಿ ಎಲ್ಲಿಂದ ಬಂತೆಂದು ಕೇಳಿದ್ದಕ್ಕೆ, ಜಪಾನಿನಲ್ಲಿ ಸೈಟು ಮಾಡಿದ್ದೆ ಎಂದರು. ಮರುವರ್ಷ ಅವರು ಪಿಂಚಣಿ ಸಮೇತ ನಿವೃತ್ತರಾದರು.

ಪೂರ್ವಪಕ್ಷದ ಕೊನೆಯ ವಾದ ಬಾಕಿ ಇದೆ: ಕಾನೂನು ಬಿಗಿ ಮಾಡಿದರೆ ಮಾಮೂಲು ಅಳಿಯದೇ? ಇದಕ್ಕೆ 1896ರ ರೇನ್ಸ್ ಕಾಯ್ದೆಯೇ ಉತ್ತರ. ಭಾನುವಾರ ಮದ್ಯ ಬೇಕೆಂದರೆ ಹೋಟೆಲಿನಲ್ಲಿ, ಊಟದ ಜೊತೆ ಮಾತ್ರ. ಹೋಟೆಲ್ ಎನ್ನಿಸಿಕೊಳ್ಳಲು ಕನಿಷ್ಠ 10 ಕೋಣೆ. ಸಾರಾಯಿ ಅಂಗಡಿಗಳು ಕೂಡಲೇ ಕಾನೂನು ಪಾಲಿಸಿದವು. ಊಟವೆಂದು ಒಂದು ಸ್ಯಾಂಡ್‌ವಿಚ್ ಮೇಜಿನ ಮೇಲೆ ಬರುತ್ತಿತ್ತು. ಯಾರೂ ಮುಟ್ಟುತ್ತಿರಲಿಲ್ಲ, ಅದೇ ಮುಂದಿನ ಮೇಜಿಗೆ ಹೋಗುತ್ತಿತ್ತು. ಕೆಲವೆಡೆ ಬ್ರೆಡ್ಡಿನ ನಡುವೆ ಇಟ್ಟಿಗೆ ಇಟ್ಟು ಶಾಶ್ವತಗೊಳಿಸಿದ್ದರಂತೆ. ಮಹಡಿಗೆ ಹಲಗೆ ಅಡ್ಡ ಬಡಿದು ಹತ್ತು ಕೋಣೆಯಾದವು. ಕೋಣೆ ಇದ್ದ ಮೇಲೆ ಖಾಲಿ ಬಿಡುವುದು ವ್ಯಾಪಾರವಲ್ಲ. ಒಳ್ಳೆಯ ನಡತೆಯ ಪ್ರಯಾಣಿಕರು ಅಲ್ಲಿಗೆ ಬರುವವರಲ್ಲ. ಭಾನುವಾರದ ಕುಡಿತ ನಿಲ್ಲಿಸಲು ಹೊರಟ ಶಾಸನ ಪ್ರತಿ ಅಂಗಡಿಯ ತಲೆಯ ಮೇಲೂ ಒಂದು ಸೂಳೆಮನೆ ಕಟ್ಟಿಸಿಕೊಟ್ಟಿತು. ಬೀಟಿನ ಪೊಲೀಸನಿಗೆ ಅಲ್ಲಿಯವರೆಗೆ ಒಂದು ಬಾಗಿಲಿಗೆ ಒಂದೇ ಮಾಮೂಲು. ಇನ್ನು ಮೇಲೆ ಕೆಳಗಿನ ಲೋಟಕ್ಕೊಂದು, ಮೇಲಿನ ಮಂಚಕ್ಕೊಂದು.